‘ಮಾತೇ ಕೇಳಿಸಲಿಲ್ಲ’ ಎಂದರೆ ತಪ್ಪು ಚಿತ್ರದ್ದೋ, ಟಿವಿಯದ್ದೋ?

ಪ್ರಶ್ನೆ: ಸರ್, ನಾನು ದಾವಣಗೆರೆಯ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ. ಕಳೆದ ದೀಪಾವಳಿಗೆ 43 ಇಂಚಿನ 4ಕೆ ಟಿವಿ ಕೊಂಡೆವು. ಶನಿವಾರ ರಾತ್ರಿ ಊಟವಾದ ಮೇಲೆ ನಮ್ಮ ಅತ್ತೆ, ಯಜಮಾನರು, ಮಗ ಮತ್ತು ನಾನು ಕೂತು ಒಂದು ಸಿನಿಮಾ ನೋಡುವುದು ಈಗ ರೂಢಿಯಾಗಿದೆ. ಮರುದಿನ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾಲ್ಕು ಸಾಲು ಅಭಿಪ್ರಾಯ ಬರೆಯುತ್ತೇನೆ. ಈಚೆಗೆ ಮೂರು ಚಿತ್ರಗಳ ಬಗ್ಗೆ ಬರೆದೆ. ಒಂದು ದೊಡ್ಡ ಬಜೆಟ್ಟಿನ ಕನ್ನಡ ಚಿತ್ರ. ‘ಧಾರಾವಾಹಿಯ ಹಾಗೆ ಕಾಣುತ್ತದೆ, ಮಾತು ಕೇಳಿಸುವುದಿಲ್ಲ, ಹೊಡೆದಾಟ ಬಂದರೆ ಕಿವಿ ಮುಚ್ಚಿಕೊಳ್ಳಬೇಕು’ ಎಂದೆ. ಇನ್ನೊಂದರಲ್ಲಿ ರಾತ್ರಿಯ ದೃಶ್ಯಗಳಲ್ಲಿ ಏನೂ ಕಾಣಲಿಲ್ಲ. ಮೂರನೆಯದು ಮಲಯಾಳಂ ಚಿತ್ರ, ಕನ್ನಡ ಡಬ್ಬಿಂಗ್‌ನಲ್ಲಿ ನೋಡಿದೆವು. ‘ನಾಯಕ ಮರದ ಕೊರಡಿನ ಹಾಗೆ ನಟಿಸಿದ್ದಾನೆ’ ಎಂದು ಬರೆದೆ. ಮೈಸೂರಿನಲ್ಲಿರುವ ನಮ್ಮ ಭಾವ ಮೂರನ್ನೂ ಥಿಯೇಟರಿನಲ್ಲಿ ನೋಡಿದವರು. ‘ಮನೆಯಲ್ಲಿ ಸೋಫಾದ ಮೇಲೆ ಮಲಗಿ ನೋಡಿದವರು ಸಿನಿಮಾ ಬಗ್ಗೆ ಮಾತನಾಡಬಾರದು’ ಎಂದು ಗುಂಪಿನಲ್ಲೇ ಹೇಳಿಬಿಟ್ಟರು. ಯಜಮಾನರು ಅತ್ತೆಗೆ ಕಿವಿ ಮಂದವಾಗಿದೆ ಎನ್ನುತ್ತಾರೆ. ಮಗ 25,000 ರೂಪಾಯಿಯ ಸೌಂಡ್‌ಬಾರ್ ತರೋಣ ಎನ್ನುತ್ತಾನೆ. ಸೋಫಾ ಟಿವಿಯಿಂದ ಸುಮಾರು 11 ಅಡಿ ದೂರದಲ್ಲಿದೆ. ನನ್ನ ಅಭಿಪ್ರಾಯಕ್ಕೆ ನಿಜಕ್ಕೂ ಬೆಲೆಯಿಲ್ಲವೇ?

ಉತ್ತರ: ‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆಯನ್ನು ನಿಮ್ಮ ಭಾವನವರು ಬಾಯಿಬಿಟ್ಟು ಹೇಳಿಲ್ಲ, ಅಷ್ಟೇ. ಆದರೆ ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗನ್ನಿಸಿದ್ದು, ನಿಮ್ಮ ಮನೆಯಲ್ಲಿ ನೆಲ ನಿಜವಾಗಿಯೂ ಡೊಂಕಾಗಿದೆ. ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸಿನಿಮಾಗಳ ಸೌಂಡ್ ಮಿಕ್ಸಿಂಗ್ ಮಾಡಿಕೊಂಡು ಬಂದವನು. ಮಾತು, ಸಂಗೀತ, ಹೆಜ್ಜೆಸಪ್ಪಳ, ಬಾಗಿಲ ಕಿರುಗುಟ್ಟುವಿಕೆ ಎಲ್ಲವನ್ನೂ ಒಂದು ಹದಕ್ಕೆ ತರುವ ಕೊನೆಯ ಹಂತದ ಕೆಲಸ ಅದು. ಹಾಗಾಗಿ ನಿಮ್ಮ ದೂರುಗಳಲ್ಲಿ ಯಾವುದು ನಮ್ಮಂಥವರ ಮೇಲೆ ಬರಬೇಕಾದದ್ದು, ಯಾವುದು ಟಿವಿ ಕಂಪನಿಯ ಮೇಲೆ ಹೋಗಬೇಕಾದದ್ದು ಎಂದು ವಿಂಗಡಿಸಿ ಹೇಳಬಲ್ಲೆ. ಅಭಿಪ್ರಾಯ ಹೇಳುವ ಹಕ್ಕಿನ ಮಾತು ಆಮೇಲೆ.

ನೀವು ಬರೆದ ದೂರುಗಳಲ್ಲಿ ಕಥೆಗೆ ಸಂಬಂಧಿಸಿದ್ದು ಒಂದೂ ಇಲ್ಲ, ಗಮನಿಸಿದಿರಾ? ಧಾರಾವಾಹಿಯ ಹಾಗೆ ಕಂಡದ್ದು, ಮಾತು ಕೇಳಿಸದಿದ್ದದ್ದು, ಕತ್ತಲಾದದ್ದು, ನಟನೆ ಮರದಂತೆ ಇದ್ದದ್ದು, ಈ ನಾಲ್ಕೂ ಚಿತ್ರ ಮತ್ತು ನಿಮ್ಮ ನಡುವೆ ಇರುವ ಪೆಟ್ಟಿಗೆಯನ್ನು ಹಾದು ಬರುವಂಥವು. ನಾಯಕಿಯ ಪಾತ್ರಕ್ಕೆ ತಲೆಬುಡವಿಲ್ಲ ಎಂದೋ ದ್ವಿತೀಯಾರ್ಧದಲ್ಲಿ ಕಥೆ ಎತ್ತಲೋ ಹೋಯಿತು ಎಂದೋ ಬರೆದಿದ್ದರೆ ನಾನು ಈ ಉತ್ತರ ಬರೆಯುವ ಅಗತ್ಯವೇ ಇರಲಿಲ್ಲ. ಅದು ಮೊಬೈಲಿನಲ್ಲಿ ನೋಡಿದರೂ ಗೊತ್ತಾಗುತ್ತದೆ.

ನನ್ನ ಕ್ಷೇತ್ರವಾದ ಮಾತಿನಿಂದಲೇ ಶುರು ಮಾಡುತ್ತೇನೆ. ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಮಿಕ್ಸಿಂಗ್ ಥಿಯೇಟರಿನಲ್ಲಿ ನಾವು ಕೆಲಸ ಮಾಡುವುದು ಒಂದು ಕಟ್ಟುನಿಟ್ಟಾದ ಅಳತೆಯಲ್ಲಿ. ಪರದೆಯ ಹಿಂದಿನ ಪ್ರತಿಯೊಂದು ಸ್ಪೀಕರನ್ನೂ 85 ಡೆಸಿಬಲ್‌ಗೆ ಹೊಂದಿಸಿ, ಅದರ ಮೇಲೆ ಇನ್ನೂ 20 ಡೆಸಿಬಲ್ ಏರಲು ಜಾಗ ಬಿಟ್ಟಿರುತ್ತಾರೆ. ಅಂದರೆ ಪಿಸುಮಾತಿನಿಂದ ಹಿಡಿದು ಬಾಂಬಿನವರೆಗೆ ದೊಡ್ಡದೊಂದು ಅಂಗಳ ಸಿಗುತ್ತದೆ. ಆ ಕೋಣೆಗೆ ಹೊರಗಿನ ಒಂದು ಸದ್ದೂ ಬರುವುದಿಲ್ಲ. ನಾಯಕಿ ಉಸಿರೆಳೆದುಕೊಂಡದ್ದೂ ಕೊನೆಯ ಸಾಲಿನವರಿಗೆ ಕೇಳಿಸಬೇಕು, ಹಾಗೆ ಹದ ಮಾಡುತ್ತೇವೆ. ಈಗ ಅದೇ ಚಿತ್ರವನ್ನು ನಿಮ್ಮ ಹಾಲ್‌ಗೆ ತನ್ನಿ. ಮೇಲೆ ಫ್ಯಾನು, ಒಳಗೆ ಫ್ರಿಜ್ಜು, ರಸ್ತೆಯಲ್ಲಿ ಬೈಕು. ಈ ಸದ್ದುಗಳ ಮಟ್ಟವೇ 40ರಿಂದ 50 ಡೆಸಿಬಲ್ ಇರುತ್ತದೆ. ಮನೆಯಲ್ಲಿ ಯಾರೂ ಟಿವಿಯನ್ನು ಥಿಯೇಟರಿನ ಮಟ್ಟದಲ್ಲಿ ಹಾಕುವುದಿಲ್ಲ, ಹಾಕಲೂಬಾರದು. ಒಟ್ಟಾರೆ ಸದ್ದನ್ನು 15–20 ಡೆಸಿಬಲ್ ಇಳಿಸಿದಿರಿ ಎಂದುಕೊಳ್ಳಿ. ಬಾಂಬಿಗೆ ಏನೂ ಆಗುವುದಿಲ್ಲ, ಪಿಸುಮಾತು ಮಾತ್ರ ಫ್ಯಾನಿನ ಗಾಳಿಯೊಳಗೆ ಮುಳುಗಿಹೋಗುತ್ತದೆ. ಮಾತಿಗಾಗಿ ನೀವು ರಿಮೋಟ್ ಒತ್ತಿ ಸದ್ದು ಏರಿಸುತ್ತೀರಿ, ಅಷ್ಟರಲ್ಲಿ ಹೊಡೆದಾಟ ಬರುತ್ತದೆ, ಪಕ್ಕದ ಮನೆಯವರ ನೆನಪಾಗಿ ಇಳಿಸುತ್ತೀರಿ. ಎರಡೂವರೆ ಗಂಟೆ ಹೀಗೆಯೇ. ಇಷ್ಟಕ್ಕೇ ಅತ್ತೆಯವರ ಕಿವಿಯನ್ನು ದೂರಬೇಕಾಗಿಲ್ಲ.

ಎರಡನೆಯ ಕಾರಣ ಟಿವಿಯ ದೇಹವೇ. ಸಿನಿಮಾದಲ್ಲಿ ಮಾತು ಬರುವುದು ಬಹುಪಾಲು ನಡುವಿನ ಒಂದೇ ಸ್ಪೀಕರಿನಿಂದ. 5.1 ಎನ್ನುತ್ತಾರಲ್ಲ, ಅದರಲ್ಲಿ ಎಡ, ಬಲ, ನಡು, ಹಿಂದೆ ಎರಡು ಹೀಗೆ ಐದು ದಾರಿಗಳು. ಆ ‘.1’ ಎಂಬುದು ಎದೆ ನಡುಗಿಸುವ ತಗ್ಗುಸದ್ದಿಗೆ ಮಾತ್ರ. ನಡುವಿನ ದಾರಿಯನ್ನು ನಾವು ದೇವರಕೋಣೆಯ ಹಾಗೆ ಕಾಯುತ್ತೇವೆ, ಸಂಗೀತವನ್ನು ಆದಷ್ಟೂ ಅಲ್ಲಿಗೆ ಬಿಡುವುದಿಲ್ಲ. ನಿಮ್ಮ ಟಿವಿಗೆ ಇರುವುದು ಎರಡೇ ಪುಟ್ಟ ಸ್ಪೀಕರು. ಆ ಐದು ದಾರಿಗಳನ್ನು ಅದು ಎರಡಕ್ಕೆ ಹಿಂಡಿ ಇಳಿಸುತ್ತದೆ. ನಡುವಿನ ಮಾತನ್ನು 3 ಡೆಸಿಬಲ್ ತಗ್ಗಿಸಿ ಎಡಕ್ಕೂ ಬಲಕ್ಕೂ ಹಂಚುವುದು ವಾಡಿಕೆ. ಅಲ್ಲಿ ಸಂಗೀತವೂ ಎಫೆಕ್ಟೂ ಆಗಲೇ ತುಂಬಿಕೊಂಡಿರುತ್ತವೆ. ಸಾಲದ್ದಕ್ಕೆ ತೆಳ್ಳಗಿನ ಟಿವಿಗಳಲ್ಲಿ ಸ್ಪೀಕರು ನೆಲಕ್ಕೋ ಗೋಡೆಗೋ ಮುಖಮಾಡಿರುತ್ತದೆ. ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಬರಿಗೋಡೆ, ಗಾಜಿನ ಷೋಕೇಸು ಇರುವ ನಮ್ಮ ಹಾಲ್‌ಗಳಲ್ಲಿ ಆ ಸದ್ದು ನಾಲ್ಕು ಕಡೆ ಬಡಿದು, ಕಲಸಿ, ಕೊನೆಗೆ ನಿಮ್ಮನ್ನು ತಲುಪುತ್ತದೆ. ಹಳೆಯ ಡಬ್ಬದಂಥ ಟಿವಿಯಲ್ಲಿ ಮೂರು ವಿಸಿಡಿ ಬದಲಿಸಿ ಸಿನಿಮಾ ನೋಡಿದ ನೆನಪಿದೆಯೇ? ಚಿತ್ರ ಮಸುಕು, ಆದರೆ ಮಾತು ಕೇಳಿಸಲಿಲ್ಲ ಎಂದು ಆಗ ಯಾರೂ ದೂರಿದ್ದು ನನಗೆ ನೆನಪಿಲ್ಲ. ಆ ಟಿವಿಗಳ ಸ್ಪೀಕರು ಪರದೆಯ ಪಕ್ಕದಲ್ಲಿ ನಮ್ಮ ಮುಖಕ್ಕೇ ನೆಟ್ಟಗಿರುತ್ತಿತ್ತು.

ಇನ್ನು ಮೂರನೆಯ ಕಾರಣ. ಇಲ್ಲಿ ನಮ್ಮವರ ತಪ್ಪನ್ನು ಒಪ್ಪಿಕೊಳ್ಳಬೇಕು. ಥಿಯೇಟರ್ ಮಿಕ್ಸ್ ಆದ ಮೇಲೆ ಮನೆಯ ನೋಡುಗರಿಗಾಗಿ ಪ್ರತ್ಯೇಕ ಮಿಕ್ಸ್ ಮಾಡಬಹುದು. ಅದನ್ನು ನಿಯರ್‌ಫೀಲ್ಡ್ ಮಿಕ್ಸ್ ಎನ್ನುತ್ತೇವೆ. ಪುಟ್ಟ ಕೋಣೆಯಲ್ಲಿ, ಪುಟ್ಟ ಸ್ಪೀಕರಿನಲ್ಲಿ ಕೇಳಿಕೊಂಡು ಪಿಸುಮಾತನ್ನು ಎತ್ತಿ, ಅಬ್ಬರವನ್ನು ತಗ್ಗಿಸುವ ಕೆಲಸ. ದೊಡ್ಡ ಓಟಿಟಿ ಸಂಸ್ಥೆಗಳು ತಾವೇ ಮಾಡಿಸುವ ಚಿತ್ರಗಳಿಗೆ ಇದನ್ನು ಕಡ್ಡಾಯ ಮಾಡಿವೆ. ನೆಟ್‌ಫ್ಲಿಕ್ಸ್ ನಿಯಮದಲ್ಲಿ ಸಂಭಾಷಣೆಯ ಸರಾಸರಿ ಮಟ್ಟ, ಸದ್ದಿನ ಜೋರನ್ನು ಅಳೆಯುವ ಎಲ್‌ಕೆಎಫ್‌ಎಸ್ ಎಂಬ ಮಾಪನದಲ್ಲಿ, ಮೈನಸ್ 27ರ ಆಸುಪಾಸಿನಲ್ಲಿರಬೇಕು, ಆಚೀಚೆ ಎರಡೇ ಅಂಕ. ಆದರೆ ಥಿಯೇಟರಿಗೆಂದೇ ತಯಾರಾಗಿ ಆಮೇಲೆ ಓಟಿಟಿಗೆ ಮಾರಾಟವಾದ ಚಿತ್ರಕ್ಕೆ ಎಷ್ಟೋ ಸಲ ಇದು ನಡೆಯುವುದಿಲ್ಲ. ಬಿಡುಗಡೆಯ ವಾರ ನಿದ್ದೆಗೆಟ್ಟು ಮಿಕ್ಸ್ ಮುಗಿಸಿರುತ್ತೇವೆ, ಇನ್ನೂ ಮೂರು ದಿನದ ಸ್ಟುಡಿಯೋ ಬಾಡಿಗೆ ಎಂದರೆ ನಿರ್ಮಾಪಕರು ಕೈಮುಗಿಯುತ್ತಾರೆ. ಥಿಯೇಟರಿನ ಮಿಕ್ಸನ್ನೇ ಯಂತ್ರದಲ್ಲಿ ಒಟ್ಟಾರೆ ತಗ್ಗಿಸಿ ಕಳಿಸುವುದುಂಟು. ನಾನೂ ಕಳಿಸಿದ್ದೇನೆ.

ಹೇಳಲು ಸಂಕೋಚವಾಗುವ ಇನ್ನೊಂದು ಸಂಗತಿಯೂ ಇದೆ. ಮಿಕ್ಸಿಂಗ್‌ಗೆ ಬಂದು ಕೂರುವ ನಿರ್ದೇಶಕರಿಗೆ ಸಂಭಾಷಣೆಯೆಲ್ಲ ಬಾಯಿಪಾಠ. ಬರೆದದ್ದು ಅವರು, ಚಿತ್ರೀಕರಣದಲ್ಲಿ ಕೇಳಿದ್ದು ಅವರು, ಸಂಕಲನ ಮತ್ತು ಡಬ್ಬಿಂಗ್‌ನಲ್ಲಿ ನೂರು ಸಲ ಕೇಳಿದ್ದೂ ಅವರೇ. ಸಂಗೀತ ಮಾತನ್ನು ನುಂಗಿದರೂ ಅವರ ಮನಸ್ಸು ಅದನ್ನು ತುಂಬಿಕೊಳ್ಳುತ್ತದೆ. ‘ಮ್ಯೂಸಿಕ್ ಇನ್ನೊಂಚೂರು ಎತ್ತಿ’ ಎನ್ನುತ್ತಾರೆ, ಎತ್ತುತ್ತೇವೆ. ನಮಗೂ ಅಷ್ಟು ಹೊತ್ತಿಗೆ ಬಾಯಿಪಾಠ ಆಗಿರುತ್ತದೆ. ಕಥೆ ಗೊತ್ತಿಲ್ಲದ ಯಾರನ್ನಾದರೂ, ಸ್ಟುಡಿಯೋಗೆ ಚಹಾ ತರುವ ಹುಡುಗನನ್ನಾದರೂ, ಕೂರಿಸಿ ‘ಈಗ ಅವನು ಏನಂದ?’ ಎಂದು ಕೇಳುವ ಅಭ್ಯಾಸ ನನಗೆ ಬಂದದ್ದು ಹತ್ತು ವರ್ಷ ಕೆಲಸ ಮಾಡಿದ ಮೇಲೆ.

ಹಾಗಾದರೆ ನಿಮ್ಮ ಮೊದಲ ಚಿತ್ರದಲ್ಲಿ ಕೇಳಿಸದ ಮಾತಿಗೆ ಕಾರಣ ಹಾಲ್ ಮತ್ತು ಟಿವಿಯೋ, ನಮ್ಮ ಮಿಕ್ಸೋ? ತಿಳಿಯಲು ಕಾಸು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಮಾತು ಕೇಳಿಸದಿದ್ದ ಅದೇ ದೃಶ್ಯವನ್ನು ಮೊಬೈಲಿನಲ್ಲಿ ಹಾಕಿ, ವೈರ್ ಇರುವ ಇಯರ್‌ಫೋನ್‌ನಲ್ಲಿ ಕೇಳಿ. ಸ್ಪಷ್ಟವಾಗಿ ಕೇಳಿಸಿದರೆ ಮಿಕ್ಸ್ ಸರಿಯಿದೆ, ಕೆಟ್ಟದ್ದು ಟಿವಿ ಮತ್ತು ಕೋಣೆ. ಅಲ್ಲಿಯೂ ಗೊಣಗೊಣ ಎಂದರೆ ತಪ್ಪು ಚಿತ್ರದ್ದೇ, ಗುಂಪಿನಲ್ಲಿ ಧಾರಾಳವಾಗಿ ಬರೆಯಿರಿ, ನನ್ನ ಹೆಸರನ್ನೂ ಹೇಳಿ. ಇದೇ ಪರೀಕ್ಷೆಯನ್ನು ಅತ್ತೆಯವರಿಗೂ ಮಾಡಿಸಿ. ಇಯರ್‌ಫೋನ್‌ನಲ್ಲಿಯೂ ಅವರಿಗೆ ಮಾತು ಬಿಡಿಬಿಡಿಯಾಗಿ ಕೇಳಿಸದೆ, ದಿನನಿತ್ಯದ ಮಾತುಕತೆಯಲ್ಲೂ ‘ಏನಂದೆ?’ ಎಂದು ಮತ್ತೆ ಮತ್ತೆ ಕೇಳುತ್ತಿದ್ದರೆ ಆಗ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸುವುದು ಒಳ್ಳೆಯದು. ವಯಸ್ಸಾದಂತೆ ಮೊದಲು ಹೋಗುವುದು ತಾರಸ್ವರ. ಸ, ಶ, ಫ ಮುಂತಾದ ವ್ಯಂಜನಗಳ ಅಂಚು ಇರುವುದು ಅಲ್ಲೇ. ಸದ್ದು ಕೇಳಿಸುತ್ತದೆ, ಪದ ಸಿಗುವುದಿಲ್ಲ. ಅಂಥವರಿಗೆ ಸದ್ದು ಏರಿಸಿದರೆ ಉಪಯೋಗವಿಲ್ಲ, ಕಿರಿಕಿರಿ ಹೆಚ್ಚುತ್ತದೆ.

ದೋಷ ಟಿವಿಯದ್ದು ಎಂದು ತಿಳಿದರೆ ಏನು ಮಾಡಬೇಕು? ಮೊದಲು ಚಿತ್ರ ಓಡುತ್ತಿರುವಾಗಲೇ ಆಡಿಯೋ ಪಟ್ಟಿ ತೆರೆದು ನೋಡಿ. ‘ಕನ್ನಡ 5.1’ ಮತ್ತು ಬರಿಯ ‘ಕನ್ನಡ’ ಎಂದು ಎರಡು ಇದ್ದರೆ, ಸೌಂಡ್‌ಬಾರ್ ಇಲ್ಲದ ನೀವು ಎರಡನೆಯದನ್ನು ಆರಿಸಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಅರ್ಧ ಸಮಸ್ಯೆ ಮುಗಿದದ್ದನ್ನು ಕಂಡಿದ್ದೇನೆ. ಆಮೇಲೆ ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಕ್ಲಿಯರ್ ವಾಯ್ಸ್, ಡೈಲಾಗ್ ಎನ್‌ಹಾನ್ಸ್ ಅಥವಾ ನೈಟ್ ಮೋಡ್ ಎಂದು ಏನೋ ಒಂದು ಇರುತ್ತದೆ, ಹಾಕಿ. ಇದಕ್ಕೊಂದು ಬೆಲೆಯೂ ಇದೆ. ನೈಟ್ ಮೋಡ್ ಬೆಟ್ಟವನ್ನು ಕಡಿದು ಕಣಿವೆಗೆ ತುಂಬುತ್ತದೆ. ಮಾತು ಕೇಳಿಸುತ್ತದೆ, ಆದರೆ ಮೌನದ ದೃಶ್ಯದಲ್ಲಿ ಬರಿಯ ಗಾಳಿಸದ್ದು ಉಬ್ಬಿ ಬರುತ್ತದೆ ಮತ್ತು ಬೆಚ್ಚಿಬೀಳಿಸಬೇಕಾದ ಕ್ಷಣ ಚಪ್ಪೆಯಾಗುತ್ತದೆ. ಆ ಮೋಡ್‌ನಲ್ಲಿ ಭೂತದ ಸಿನಿಮಾ ನೋಡಿ ‘ಹೆದರಿಕೆಯೇ ಆಗಲಿಲ್ಲ’ ಎಂದು ಮಾತ್ರ ಬರೆಯಬೇಡಿ. ಕಿಟಕಿಗೆ ದಪ್ಪ ಪರದೆ ಮತ್ತು ಟಿವಿಯ ಮುಂದಿನ ನೆಲಕ್ಕೆ ಒಂದು ಜಮಖಾನೆ ಹಾಕಿದರೆ ಯಾವ ಸೆಟ್ಟಿಂಗ್‌ಗಿಂತಲೂ ಹೆಚ್ಚು ಗುಣ ಕೊಡುತ್ತದೆ. ಅದನ್ನು ಹೇಳಿದರೆ ಜನ ನಗುತ್ತಾರೆ, ಹಾಕಿದವರು ಫೋನ್ ಮಾಡಿ ಹೇಳುತ್ತಾರೆ.

ಸೌಂಡ್‌ಬಾರ್ ವಿಷಯಕ್ಕೆ ಬಂದರೆ ನಿಮ್ಮ ಮಗ ತಪ್ಪು ಹೇಳುತ್ತಿಲ್ಲ. ಆದರೆ ಅಂಗಡಿಗೆ ಅವನೊಬ್ಬನನ್ನೇ ಕಳಿಸಬೇಡಿ. ಡಬ್ಬದ ಮೇಲಿನ ‘1000 ವ್ಯಾಟ್’ ನೋಡಿ ಕೊಂಡುಬರುತ್ತಾನೆ. ನೋಡಬೇಕಾದದ್ದು ವ್ಯಾಟ್ ಅಲ್ಲ, ಮಾತಿಗೆಂದೇ ನಡುವೆ ಪ್ರತ್ಯೇಕ ಸ್ಪೀಕರು ಇದೆಯೇ ಎಂಬುದು. 2.1 ಎಂದು ಬರೆದಿದ್ದರೆ ಇಲ್ಲ, 3.1 ಅಥವಾ 5.1 ಎಂದಿದ್ದರೆ ಇದೆ. ಅಗ್ಗದ 2.1 ಬಾರ್‌ಗಳು ಬರಿಯ ಗುಡುಗನ್ನು ಹೆಚ್ಚಿಸಿ, ಇದ್ದ ಮಾತನ್ನೂ ಕಸಿದುಕೊಳ್ಳುತ್ತವೆ. ಟಿವಿಗೆ ಜೋಡಿಸುವಾಗ ಎಚ್‌ಡಿಎಂಐ ಎಆರ್‌ಸಿ ಎಂದು ಬರೆದ ಕಿಂಡಿಯನ್ನೇ ಬಳಸಿ. ಬ್ಲೂಟೂತ್‌ನಲ್ಲಿ ಜೋಡಿಸಿದರೆ ಸದ್ದು ತುಸು ತಡವಾಗಿ ಬರುವ ಅಪಾಯವಿದೆ. ತುಟಿಗೂ ಮಾತಿಗೂ ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ಅಂತರ ಬಂದರೂ ಕಣ್ಣು ಹಿಡಿದುಬಿಡುತ್ತದೆ, ಆಮೇಲೆ ಒಳ್ಳೆಯ ನಟನೂ ನಾಟಕ ಮಾಡಿದಂತೆ ತೋರುತ್ತಾನೆ. ಮೊದಲು ಜಮಖಾನೆ, ಆಮೇಲೆ ಬಾರ್. ಅಷ್ಟು ಹಣ ಇಡುವ ಮುನ್ನ ಒಂದು ತಿಂಗಳು ಕಾಯಿರಿ.

‘ಧಾರಾವಾಹಿಯ ಹಾಗೆ ಕಾಣುತ್ತದೆ’ ಎಂಬ ನಿಮ್ಮ ಮಾತು ಓದಿ ನಾನು ನಕ್ಕುಬಿಟ್ಟೆ. ನಿಮ್ಮನ್ನು ಕಂಡು ನಕ್ಕದ್ದಲ್ಲ. ಇದೇ ದೂರನ್ನು ಟಾಮ್ ಕ್ರೂಸ್ ಕೂಡ ಹೇಳಿಕೊಂಡಿದ್ದಾರೆ. 2018ರ ಡಿಸೆಂಬರಿನಲ್ಲಿ ಅವರೂ ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿಯೂ ಒಂದು ವಿಡಿಯೋ ಮಾಡಿ, ಮನೆಯಲ್ಲಿ ಸಿನಿಮಾ ನೋಡುವ ಮುನ್ನ ಟಿವಿಯ ಒಂದು ಸೆಟ್ಟಿಂಗನ್ನು ಆಫ್ ಮಾಡಿ ಎಂದು ಪ್ರೇಕ್ಷಕರನ್ನು ಕೇಳಿಕೊಂಡರು. ಆ ಸೆಟ್ಟಿಂಗ್‌ನ ಹೆಸರು ಮೋಷನ್ ಸ್ಮೂದಿಂಗ್. ಕಂಪನಿಗೊಂದು ಹೆಸರಿಟ್ಟುಕೊಂಡಿದ್ದಾರೆ. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ.

ಆಗುವುದು ಇಷ್ಟು. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರಗಳಲ್ಲಿ. ನೂರು ವರ್ಷದ ಹತ್ತಿರ ಹತ್ತಿರ ನಮ್ಮ ಕಣ್ಣಿಗೆ ‘ಸಿನಿಮಾ’ ಎಂದರೆ ಆ 24ರ ತುಸು ಮಂಜಾದ, ತುಸು ಕನಸಿನಂಥ ಚಲನೆ. ಸುದ್ದಿ, ಕ್ರಿಕೆಟ್, ಧಾರಾವಾಹಿಗಳು ನಮ್ಮ ದೇಶದ ಟಿವಿಯಲ್ಲಿ ಬಹುಕಾಲ ಬಂದದ್ದು ಸೆಕೆಂಡಿಗೆ 50 ಅರ್ಧಚಿತ್ರಗಳಲ್ಲಿ. ಅದರ ಚಲನೆ ಎಣ್ಣೆ ಹಚ್ಚಿದಂತೆ ನುಣುಪು. ಮೋಷನ್ ಸ್ಮೂದಿಂಗ್ ಮಾಡುವುದೇನೆಂದರೆ, ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರಗಳನ್ನು ತಾನೇ ಊಹಿಸಿ ಸೇರಿಸುವುದು. ಕ್ರಿಕೆಟ್‌ಗೆ ಇದು ಚೆನ್ನ, ಚೆಂಡು ಸ್ಪಷ್ಟವಾಗಿ ಕಾಣುತ್ತದೆ. ಸಿನಿಮಾಗೆ ಹಾಕಿದರೆ ಕೋಟಿಗಟ್ಟಲೆ ಸುರಿದು ಕಟ್ಟಿದ ಅರಮನೆ ಪ್ಲೈವುಡ್ಡಿನದು ಎಂದು ಗೊತ್ತಾಗಿಬಿಡುತ್ತದೆ, ಮೇಕಪ್ಪು ಎದ್ದು ಕಾಣುತ್ತದೆ. ನಿಮ್ಮ ಕಣ್ಣು ಸುಳ್ಳು ಹೇಳಲಿಲ್ಲ. ಟಿವಿ ಸಿನಿಮಾವನ್ನು ಧಾರಾವಾಹಿಯ ಚಲನೆಗೆ ತಂದಿತ್ತು, ನೀವು ಅದನ್ನು ಸರಿಯಾಗಿಯೇ ಗುರುತಿಸಿದಿರಿ. ಕಾರಣ ಗೊತ್ತಿಲ್ಲದ್ದರಿಂದ ಬೈಗುಳ ಕ್ಯಾಮೆರಾದವರ ಮೇಲೆ ಹೋಯಿತು, ಅಷ್ಟೇ.

ಪಿಕ್ಚರ್ ಮೋಡ್‌ನಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಆರಿಸಿ. 2019ರಲ್ಲಿ ನಿರ್ದೇಶಕರೂ ಟಿವಿ ತಯಾರಕರೂ ಸೇರಿ ತಂದದ್ದು ಅದು. ಇಲ್ಲವಾದರೆ ‘ಸಿನಿಮಾ’ ಅಥವಾ ‘ಮೂವಿ’ ಸಾಕು, ಆದರೆ ಅದರೊಳಗೂ ಹೋಗಿ ಮೋಷನ್ ಆಯ್ಕೆ ಆಫ್ ಆಗಿದೆಯೇ ನೋಡಿ. ಬಹಳ ಟಿವಿಗಳು ಪ್ರತಿ ಮೋಡ್‌ಗೂ, ಪ್ರತಿ ಎಚ್‌ಡಿಎಂಐ ಕಿಂಡಿಗೂ ಬೇರೆ ಬೇರೆ ಲೆಕ್ಕ ಇಟ್ಟಿರುತ್ತವೆ. ಒಂದು ಕಡೆ ಆಫ್ ಮಾಡಿದರೆ ಇನ್ನೊಂದು ಕಡೆ ಉರಿಯುತ್ತಲೇ ಇರುತ್ತದೆ. ಆಫ್ ಮಾಡಿದ ಮೊದಲ ವಾರ ನಿಮಗೆ ಇಷ್ಟವಾಗದಿರಬಹುದು. ಕ್ಯಾಮೆರಾ ಅಡ್ಡಡ್ಡಕ್ಕೆ ತಿರುಗುವಾಗ ಚಿತ್ರ ತಡವರಿಸಿದಂತೆ ಕಾಣುತ್ತದೆ. ಕಾರಣ ನಿಮ್ಮ ಅಳತೆಯ ಟಿವಿಗಳು ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಮಿನುಗುತ್ತವೆ. 24ನ್ನು 60ಕ್ಕೆ ಸಮನಾಗಿ ಹಂಚಲಾಗದೆ ಒಂದು ಚಿತ್ರವನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸುತ್ತವೆ. ಅಷ್ಟೂ ಕಿರಿಕಿರಿಯಾದರೆ ಮೋಷನ್ ಆಯ್ಕೆಯನ್ನು ಅತಿ ಕಡಿಮೆ ಹಂತದಲ್ಲಿ ಇಟ್ಟುಕೊಳ್ಳಿ. ವೃತ್ತಿಯ ನನ್ನ ಗೆಳೆಯರು ಬೈಯುತ್ತಾರೆ, ಬೈಯಲಿ.

ಕತ್ತಲೆಯ ವಿಷಯದಲ್ಲಿ ನನಗೆ ಕಣ್ಣಿಗಿಂತ ಕಿವಿಯ ಅನುಭವ ಹೆಚ್ಚು, ಆದರೂ ಬಣ್ಣದ ಹದ ಮಾಡುವ ಡಿಐ ಕೋಣೆಗಳಲ್ಲಿ ಸಾಕಷ್ಟು ಕೂತಿದ್ದೇನೆ. ಥಿಯೇಟರಿನ ಪರದೆ ನಿಮ್ಮ ಟಿವಿಗಿಂತ ಮಂದ. ಅದರ ಬೆಳಕಿನ ಮಾನಕ 48 ನಿಟ್ ಮಾತ್ರ, ಟಿವಿ ಅದರ ಹಲವು ಪಟ್ಟು ಬೆಳಗಬಲ್ಲದು. ಆದರೂ ಥಿಯೇಟರಿನಲ್ಲಿ ಕಂಡದ್ದು ಮನೆಯಲ್ಲಿ ಕಾಣದಿರುವುದು ಸುತ್ತಲಿನ ಬೆಳಕಿನಿಂದ. ಟ್ಯೂಬ್‌ಲೈಟ್ ಉರಿಯುವ ಹಾಲ್‌ನಲ್ಲಿ ಕಪ್ಪು ಕಪ್ಪಾಗಿ ಉಳಿಯುವುದಿಲ್ಲ, ಕಪ್ಪಿನೊಳಗಿನ ವಿವರ ಗಾಜಿನ ಮೇಲಿನ ನಿಮ್ಮದೇ ಪ್ರತಿಬಿಂಬದಡಿ ಹೂತುಹೋಗುತ್ತದೆ. ದೀಪ ಆರಿಸಿ, ಅತ್ತೆಯವರು ಎದ್ದು ಓಡಾಡಲು ಟಿವಿಯ ಹಿಂದೆ ಒಂದು ಪುಟ್ಟ ದೀಪ ಇಡಿ. ಎನರ್ಜಿ ಸೇವಿಂಗ್ ಆಯ್ಕೆ ತೆಗೆದುಹಾಕಿ. ವಿದ್ಯುತ್ ಬಿಲ್ಲು ತುಸು ಏರಬಹುದು, ಆದರೆ ಆ ಆಯ್ಕೆ ಇರುವಾಗ ಟಿವಿ ತನಗೆ ತೋಚಿದಂತೆ ಬೆಳಕು ಇಳಿಸುತ್ತದೆ. ಅಂಗಡಿಯಲ್ಲಿ ಕಣ್ಸೆಳೆಯಲೆಂದು ಇಟ್ಟ ‘ವಿವಿಡ್’ ಮೋಡ್‌ನಲ್ಲೇ ಈಗಲೂ ನೋಡುತ್ತಿದ್ದರೆ ಅದನ್ನೂ ಬದಲಿಸಿ. ಅದು ಎಲ್ಲರ ಮುಖಕ್ಕೂ ನೀಲಿ ಬಳಿದು, ನೆರಳನ್ನೆಲ್ಲ ಮಸಿ ಮಾಡುತ್ತದೆ. 2019ರಲ್ಲಿ ಜಗತ್ತೇ ಕಾದು ಕೂತಿದ್ದ ಅಮೆರಿಕದ ಒಂದು ಧಾರಾವಾಹಿಯ ರಾತ್ರಿಯುದ್ಧದ ಕಂತು ಬಂದಾಗಲೂ ನಿಮ್ಮಂತೆಯೇ ಲಕ್ಷಾಂತರ ಜನ ‘ಏನೂ ಕಾಣಲಿಲ್ಲ’ ಎಂದು ಕೂಗಿದರು. ನಿಮ್ಮ ಟಿವಿ ಹೊಂದಿಸಿಕೊಳ್ಳಿ ಎಂಬರ್ಥದ ಉತ್ತರ ಛಾಯಾಗ್ರಾಹಕರಿಂದ ಬಂತು. ಅವರ ಮಾತಿನಲ್ಲಿ ಸತ್ಯವಿದೆ, ಆದರೆ ಮನೆಯಲ್ಲಿಯೇ ನೋಡಲೆಂದು ಮಾಡಿದ್ದನ್ನು ಮನೆಯ ಟಿವಿಯಲ್ಲಿ ಒಮ್ಮೆ ಹಾಕಿ ನೋಡಬೇಕಿತ್ತಲ್ಲವೇ ಎಂದು ನನಗೆ ಆಗಲೂ ಅನ್ನಿಸಿತ್ತು.

ಇಂಟರ್‌ನೆಟ್ ವೇಗವೂ ಒಂದು ಕಾರಣ. 4ಕೆ ಟಿವಿ ಕೊಂಡರೆ ಬರುವುದೆಲ್ಲ 4ಕೆ ಎಂಬುದು ತಪ್ಪು ತಿಳಿವಳಿಕೆ. ನೆಟ್‌ಫ್ಲಿಕ್ಸ್ ತನ್ನ 4ಕೆಗೆ 15 ಎಂಬಿಪಿಎಸ್ ಬೇಕೆನ್ನುತ್ತದೆ, ಅದಕ್ಕೆ ತಕ್ಕ ಚಂದಾ ಯೋಜನೆಯೂ ಬೇಕು. ವೈಫೈ ಪೆಟ್ಟಿಗೆ ಎರಡು ಗೋಡೆ ಆಚೆ ಇದ್ದರೆ ಗುಣಮಟ್ಟ ತಾನಾಗಿಯೇ ಇಳಿಯುತ್ತದೆ, ಹೇಳದೆ ಕೇಳದೆ. ಮೊದಲು ಹಾಳಾಗುವುದು ಕತ್ತಲೆಯ ದೃಶ್ಯವೇ. ಹೊಗೆ, ಮಂಜು, ಆಕಾಶವೆಲ್ಲ ಚೌಕಚೌಕವಾಗಿ ಒಡೆಯುತ್ತವೆ.

ನಿಮ್ಮ ಸೋಫಾ ದೂರವಾಯಿತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. 43 ಇಂಚಿನ ಟಿವಿಯ ಅಗಲ ಸುಮಾರು 95 ಸೆಂಟಿಮೀಟರ್. ಸಿನಿಮಾ ನಮ್ಮ ನೋಟದಲ್ಲಿ ಕನಿಷ್ಠ 30 ಡಿಗ್ರಿಯಾದರೂ ತುಂಬಿಕೊಳ್ಳಬೇಕು ಎಂಬ ಲೆಕ್ಕ ಹಿಡಿದರೆ ನೀವು ಆರಡಿ ದೂರದಲ್ಲಿ ಕೂರಬೇಕು. 11 ಅಡಿಯಲ್ಲಿ ಅದು 16 ಡಿಗ್ರಿಗೆ ಇಳಿಯುತ್ತದೆ. ‘ದೊಡ್ಡ ಚಿತ್ರ, ಆದರೆ ದೊಡ್ಡದು ಅನ್ನಿಸಲಿಲ್ಲ’ ಎಂದು ಮುಂದೆ ಬರೆಯುವಾಗ ಇದು ನೆನಪಿರಲಿ. ಶನಿವಾರ ರಾತ್ರಿ ಮಾತ್ರ ಎರಡು ಕುರ್ಚಿ ಮುಂದಕ್ಕೆ ಎಳೆದುಕೊಂಡರೆ ಸಾಕು, ಹೊಸ ಟಿವಿ ಬೇಡ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂತೆಂದು ಝೂಮ್ ಒತ್ತುವ ಚಟ ನಿಮ್ಮ ಮನೆಯಲ್ಲೂ ಇದ್ದರೆ ಬಿಡಿ. ಪಟ್ಟಿ ಇರುವುದು ಚಿತ್ರ ಅಗಲವಾಗಿರುವುದರಿಂದ. ಝೂಮ್ ಮಾಡಿದರೆ ಸಿನಿಮಾಸ್ಕೋಪ್ ಚಿತ್ರದ ಅಗಲದಲ್ಲಿ ಕಾಲುಭಾಗ ಹೋಗುತ್ತದೆ, ಬಾಗಿಲ ಬಳಿ ನಿಂತು ಕಣ್ಣೀರು ಒರೆಸಿಕೊಳ್ಳುತ್ತಿರುವ ತಾಯಿ ಪರದೆಯಿಂದ ಆಚೆ ಉಳಿದುಬಿಡುತ್ತಾಳೆ. ಹಳೆಯ ಕಪ್ಪುಬಿಳುಪು ಚಿತ್ರಗಳನ್ನು ಎಳೆದು ಅಗಲ ಮಾಡಿ ನೋಡುವವರಿಗೆ ಹೇಳುವುದೇನೂ ಇಲ್ಲ, ಎಲ್ಲರ ಮುಖವೂ ಮೂರನೆಯ ಒಂದು ಭಾಗ ಊದಿಕೊಂಡಿರುತ್ತದೆ.

ಈಗ ಆ ಮಲಯಾಳಂ ನಾಯಕ. ನೀವು ತೀರ್ಪು ಕೊಟ್ಟದ್ದು ಅರ್ಧ ನಟನಿಗೆ. ಮುಖ ಅವನದು, ದನಿ ಬೇರೆಯವರದು. ಕನ್ನಡಕ್ಕೆ ಡಬ್ಬಿಂಗ್ ಮಾಡುವುದಕ್ಕೆ ದಶಕಗಳ ಕಾಲ ಉದ್ಯಮದಲ್ಲೇ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದನ್ನು ತಪ್ಪೆಂದು ಆದೇಶಿಸಿದ ಮೇಲಷ್ಟೇ ಬಾಗಿಲು ತೆರೆದುಕೊಂಡದ್ದು. ತಡೆ ಸರಿಯೋ ತಪ್ಪೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಆದರೆ ಬೇರೆ ಭಾಷೆಗಳಲ್ಲಿ ಎರಡು ಮೂರು ತಲೆಮಾರು ಕಲಿತ ಕಸಬು ನಮ್ಮಲ್ಲಿ ಇನ್ನೂ ಹೊಸದು. ಒಳ್ಳೆಯ ಕಂಠದಾನ ಕಲಾವಿದರಿದ್ದಾರೆ, ಅವರಿಗೆ ಸಿಗುವ ಸಮಯ ಮತ್ತು ಸಂಭಾವನೆ ಕಡಿಮೆ. ಇಡೀ ಚಿತ್ರವನ್ನು ಕೆಲವೇ ದಿನಗಳಲ್ಲಿ ಮುಗಿಸಬೇಕು. ತುಟಿಗೆ ಹೊಂದಿಸಲು ಬರೆದ ವಾಕ್ಯಗಳು ಯಾರೂ ಆಡದ ಕನ್ನಡವಾಗುತ್ತವೆ. ನಟ ಉಸಿರು ಬಿಗಿಹಿಡಿದು ಆಡಿದ ಮಾತಿಗೆ ಮೈಕಿನ ಮುಂದೆ ಆರಾಮಾಗಿ ನಿಂತವರ ದನಿ ಸೇರಿದರೆ ಮುಖ ಒಂದು ಹೇಳುತ್ತದೆ, ಕಿವಿ ಇನ್ನೊಂದು ಹೇಳುತ್ತದೆ. ಮಿದುಳು ಎರಡನ್ನೂ ಜೋಡಿಸಲಾಗದೆ ‘ಮರದ ಕೊರಡು’ ಎಂದು ಸಹಿ ಹಾಕುತ್ತದೆ. ಮಾತಿನ ಟ್ರ್ಯಾಕ್ ತೆಗೆದು ಸಂಗೀತ ಮತ್ತು ಎಫೆಕ್ಟನ್ನು ಮಾತ್ರ ಬೇರೆ ಮಾಡಿ ಕೊಡದಿದ್ದರಂತೂ ಡಬ್ಬಿಂಗ್ ಪ್ರತಿಯಲ್ಲಿ ಬಟ್ಟೆಯ ಸರಸರ, ಲೋಟ ಇಟ್ಟ ಸದ್ದು ಎಲ್ಲವೂ ಮಾಯವಾಗಿ, ಪಾತ್ರಗಳು ಗಾಜಿನ ಡಬ್ಬಿಯೊಳಗೆ ಮಾತನಾಡಿದಂತೆ ಕೇಳಿಸುತ್ತದೆ.

ಹಾಗೆಂದು ಡಬ್ಬಿಂಗ್ ನೋಡಬೇಡಿ ಎನ್ನಲಾರೆ. ಅತ್ತೆಯವರು ಇಂಗ್ಲಿಷ್ ಸಬ್‌ಟೈಟಲ್ ಓದುತ್ತಾ ಕೂರುವವರಲ್ಲದಿರಬಹುದು, ಕನ್ನಡ ಸಬ್‌ಟೈಟಲ್ ಸಿಗುವುದು ಅಪರೂಪ. ಎಲ್ಲರೂ ಸೇರಿ ನೋಡುವುದಕ್ಕೆ ಡಬ್ಬಿಂಗೇ ಸರಿ. ಆದರೆ ನಟನೆಯ ಬಗ್ಗೆ ಬರೆಯುವ ಮುನ್ನ ಎರಡು ಮುಖ್ಯ ದೃಶ್ಯಗಳನ್ನಾದರೂ ಮೂಲ ಭಾಷೆಗೆ ಬದಲಿಸಿ ನೋಡಿ. ಅರ್ಥವಾಗದಿದ್ದರೂ ಪರವಾಗಿಲ್ಲ. ದನಿ ಸುಳ್ಳಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಭಾಷೆ ಬೇಕಾಗಿಲ್ಲ, ಅಳುವ ಕೂಸಿನ ಮಾತು ತಾಯಿಗೆ ತಿಳಿಯುವುದಿಲ್ಲವೇ?

ಭಾವನವರ ಥಿಯೇಟರ್ ವಾದಕ್ಕೂ ಒಂದು ಮಾತು. ಅವರ ಅನುಭವವೂ ಕಲಬೆರಕೆಯದೇ. ಅಭಿಮಾನಿಗಳ ಶಿಳ್ಳೆ, ಕಾಗದದ ಚೂರಿನ ನಡುವೆ ಮೊದಲ ದಿನದ ಆಟ ನೋಡಿದ್ದರೆ ಮೊದಲ ಹದಿನೈದು ನಿಮಿಷದ ಸಂಭಾಷಣೆ ಅವರಿಗೂ ಕೇಳಿಸಿರುವುದಿಲ್ಲ. ಸದ್ದು ಜಾಸ್ತಿ ಎಂದು ಪ್ರೇಕ್ಷಕರು ದೂರಿದಾಗ ಎಷ್ಟೋ ಚಿತ್ರಮಂದಿರದವರು ಮಾನಕ ಮಟ್ಟಕ್ಕಿಂತ ಇಳಿಸಿಬಿಡುತ್ತಾರೆ. ಇಳಿಸುತ್ತಾರೆಂದು ಗೊತ್ತಿದ್ದು ನಾವು ಮೊದಲೇ ಏರಿಸಿ ಕಳಿಸುತ್ತೇವೆ. ಈ ಹಗ್ಗಜಗ್ಗಾಟದಲ್ಲಿ ನಿಜವಾದ ಮಟ್ಟದಲ್ಲಿ ಚಿತ್ರ ನೋಡಿದವರು ನಾವು ನಾಲ್ಕು ಜನ ಮಿಕ್ಸಿಂಗ್ ಕೋಣೆಯವರು ಮಾತ್ರ. ಇನ್ನು ನಗು. ಒಬ್ಬರೇ ಇರುವಾಗಿನದಕ್ಕಿಂತ ಜೊತೆಯಲ್ಲಿರುವಾಗ ಮನುಷ್ಯ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆ ಎಂದು ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವೈನ್ ಗುರುತಿಸಿದ್ದರು. ಇನ್ನೂರು ಜನರ ನಡುವೆ ಕೂತು ನಕ್ಕ ಹಾಸ್ಯಚಿತ್ರವನ್ನು ಭಾವನವರು ಹೊಗಳಿದರೆ ಅದರಲ್ಲಿ ನೂರ ತೊಂಬತ್ತೊಂಬತ್ತು ಜನರ ಪಾಲಿದೆ. ಜನದ ಆಸರೆ ಇಲ್ಲದ ನಿಮ್ಮ ಹಾಲ್‌ನಲ್ಲೂ ನಗು ಬಂದಿದ್ದರೆ, ಆ ಹಾಸ್ಯದ ಬಗ್ಗೆ ನಾನು ನಿಮ್ಮನ್ನೇ ನಂಬುತ್ತೇನೆ.

ಮನೆಯಲ್ಲಿ ನೋಡುವವರಿಗೆ ನಾನು ಕಾಣುವ ನಿಜವಾದ ತೊಂದರೆ ಬೇರೆ. ಅದು ತುಂಡು ತುಂಡಾಗಿ ನೋಡುವುದು. ನಮ್ಮ ಚಿತ್ರಗಳು ಇಂಟರ್‌ವಲ್‌ಗೆಂದೇ ಏರಿ ನಿಲ್ಲುವಂತೆ ಕಟ್ಟಿದವು. ಮನೆಯಲ್ಲಿ ಆ ಏರಿನಲ್ಲಿ ನಿಲ್ಲಿಸದೆ, ಹಾಲು ಉಕ್ಕಿತೆಂದು ಒಮ್ಮೆ, ಫೋನ್ ಬಂತೆಂದು ಒಮ್ಮೆ ನಿಲ್ಲಿಸಿ, ನಿದ್ದೆ ಬಂದು ಉಳಿದದ್ದನ್ನು ಮರುದಿನ ನೋಡಿ ‘ದ್ವಿತೀಯಾರ್ಧ ಎಳೆದಿದ್ದಾರೆ’ ಎಂದರೆ ಸಂಕಲನಕಾರರಿಗೆ ಅನ್ಯಾಯ. ನಿಲ್ಲಿಸುವುದಿದ್ದರೆ ಇಂಟರ್‌ವಲ್ ಬಂದಲ್ಲೇ ನಿಲ್ಲಿಸಿ, ಮಂಡಕ್ಕಿ ಮಿರ್ಚಿ ತನ್ನಿ. ದಾವಣಗೆರೆಯವರಿಗೆ ಇದನ್ನು ನಾನು ಹೇಳಬೇಕೇ.

ಗುಂಪಿನಲ್ಲಿ ಹೇಗೆ ಬರೆಯಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ‘ಮನೆಯಲ್ಲಿ ನೋಡಿದೆ, ಮಾತು ಸರಿಯಾಗಿ ಕೇಳಿಸಲಿಲ್ಲ’ ಎಂದರೆ ಅದು ನಡೆದ ಸಂಗತಿ, ಯಾವ ಭಾವನೂ ಅಲ್ಲಗಳೆಯುವಂತಿಲ್ಲ. ‘ಸೌಂಡ್ ಕಳಪೆ’ ಎಂದರೆ ತೀರ್ಪು, ಅದಕ್ಕೆ ಇಯರ್‌ಫೋನ್ ಪರೀಕ್ಷೆಯ ಸಾಕ್ಷಿ ಇರಲಿ. ‘ಕನ್ನಡ ಡಬ್ಬಿಂಗ್‌ನಲ್ಲಿ ನೋಡಿದೆ’ ಎಂಬ ಮೂರು ಪದ ಸೇರಿಸಿದರೆ ಆ ನಟನಿಗೂ ನ್ಯಾಯ. ಉಳಿದದ್ದೆಲ್ಲ, ಪಾತ್ರ ಇಷ್ಟವಾಯಿತೇ, ಕೊನೆ ಒಪ್ಪಿಗೆಯಾಯಿತೇ, ಹಾಡು ಬೇಕಿತ್ತೇ ಎಂಬುದನ್ನೆಲ್ಲ ನೀವು ಎಲ್ಲಿ ಕೂತು ನೋಡಿದ್ದರೂ ಬರೆಯಬಹುದು. ನಾವು ಚಿತ್ರ ಮಾಡಿದವರು ಆ ನಾಲ್ಕು ಸಾಲುಗಳನ್ನು ಹುಡುಕಿಕೊಂಡು ಓದುತ್ತೇವೆ, ಪತ್ರಿಕೆಯ ವಿಮರ್ಶೆಗಿಂತ ಹೆಚ್ಚು ಆಸೆಯಿಂದ.

ಈ ಶನಿವಾರ ಮೋಷನ್ ಆಯ್ಕೆ ಆಫ್ ಮಾಡಿ, 5.1 ಅಲ್ಲದ ಬರಿಯ ‘ಕನ್ನಡ’ ಆಡಿಯೋ ಹಾಕಿ, ದೀಪ ತೆಗೆದು ಮೊದಲ ಚಿತ್ರದ ಅರ್ಧ ಗಂಟೆಯನ್ನಾದರೂ ಮತ್ತೆ ನೋಡಿ. ಮಲಯಾಳಂ ಚಿತ್ರದ ಎರಡು ದೃಶ್ಯಗಳನ್ನು ಮೂಲದಲ್ಲಿ ನೋಡಿ. ಆಗಲೂ ನಾಯಕ ಕೊರಡಿನಂತೆಯೇ ಇದ್ದರೆ ನನಗೊಂದು ಸಾಲು ಬರೆಯಿರಿ. ಯಾವ ಚಿತ್ರ ಎಂದು ನೀವು ಹೇಳಿಲ್ಲ, ಆದರೆ ನನಗೊಂದು ಅನುಮಾನವಿದೆ.